ಮೂರನೆಯ ಸಲ ಕೇಳುವ ತನಕ

ನೀನು ಮಾಡುವ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನನ್ನ ಗಂಡ ರೋಲ್ಫ್ ಕೊಡುತ್ತಿದ್ದ ಉತ್ತರ ಒಂದೇ: "ದೋಣಿಗೆ ನೀರು ತುಂಬೋದು." ಕೇಳಿದವರು ನಕ್ಕು ಬೇರೆ ಮಾತಿಗೆ ಹೋದರೆ ಅವನಿಗೆ ಸಮಾಧಾನ.

ಅವನು ಹೇಳುತ್ತಿದ್ದುದು ಸುಳ್ಳೇನಲ್ಲ. ನಮ್ಮೂರಿನ ಫ್ಯಾಕ್ಟರಿಯಲ್ಲಿ ತಯಾರಾದ ಒಂದೊಂದು ಅಲ್ಯೂಮಿನಿಯಂ ದೋಣಿಯನ್ನೂ ಅಟ್ಟಣಿಗೆಯ ಮೇಲೆ ಕೂರಿಸಿ, ಒಳಗೆ ನೀರು ತುಂಬಿ, ಹೊರಗಿನಿಂದ ತಗಡು ಜೋಡಿಸುವ ಪ್ರತಿ ರಿವೆಟ್ಟಿನ ಸುತ್ತ ಬೆರಳಾಡಿಸಿ, ಎಲ್ಲಿ ಒಸರುತ್ತಿದೆ ಎಂದು ಪತ್ತೆ ಮಾಡುವುದು ಅವನ ಕೆಲಸ. ಒಳಗಿನ ನೀರು ಹೊರಗೆ ಬರದಿದ್ದರೆ ಹೊರಗಿನ ನೀರೂ ಒಳಗೆ ಹೋಗದು. ಸರಳವಾದ ತರ್ಕ, ತಪ್ಪು ಹುಡುಕುವುದು ಕಷ್ಟ. ನಮ್ಮ ಮಿನೆಸೋಟ ರಾಜ್ಯದ ಎಷ್ಟೋ ಮೀನುಗಾರರು ಕಾಲುಚೀಲ ಒದ್ದೆಯಾಗದೆ ಮನೆಗೆ ಮರಳಿದ್ದು ಅವನ ಬೆರಳುಗಳ ಪುಣ್ಯದಿಂದ. ಹಾಗೆಂದು ಅವನೆದುರಿಗೆ ಹೇಳಿದರೆ ಮಾತ್ರ ಎದ್ದು ಹೊರಗೆ ಹೋಗಿ ಅಂಗಳದ ಹಿಮ ಬಾಚತೊಡಗುತ್ತಿದ್ದ. ಬೇಸಿಗೆಯಾದರೆ ಹುಲ್ಲು ಕತ್ತರಿಸುತ್ತಿದ್ದ. ಹೊಗಳಿಕೆ ಹೆಚ್ಚಾದ ವರ್ಷ ನಮ್ಮ ಹುಲ್ಲು ಬಹಳ ಅಂದವಾಗಿರುತ್ತಿತ್ತು.

ಆ ಫ್ಯಾಕ್ಟರಿ ಒಂದು ವಸಂತದಲ್ಲಿ ದಕ್ಷಿಣದ ಯಾವುದೋ ರಾಜ್ಯಕ್ಕೆ ಹೊರಟುಹೋಯಿತು. ಸುದ್ದಿ ಹೇಳಲು ಬಂದ ಮ್ಯಾನೇಜರನ ಮುಖ ಬಾಡಿತ್ತಂತೆ. ಕೆಲಸ ಕಳೆದುಕೊಂಡವರೆಲ್ಲ ಸಾಲಾಗಿ ಹೋಗಿ ಅವನಿಗೇ ಸಮಾಧಾನ ಹೇಳಿ ಬಂದರು. ನಿಮಗೆ ಎಷ್ಟು ಕಷ್ಟವಾಗಿರಬೇಕು, ಇಷ್ಟು ದೂರ ಬಂದು ಹೇಳಬೇಕಾಯಿತಲ್ಲ ಎಂದರು. ಒಬ್ಬಳು ಕೇಕ್ ಕೂಡ ಮಾಡಿಕೊಂಡು ಹೋಗಿದ್ದಳು. ನಮ್ಮೂರಿನವರು ಹಾಗೆಯೇ.

ಮೊದಲ ಕೆಲವು ವಾರ ರೋಲ್ಫ್ ಮನೆಯ ಸಾಮಾನುಗಳನ್ನು ಪರೀಕ್ಷಿಸಿದ. ಬಾಣಲೆ, ಹೂಜಿ, ಗಿಡಕ್ಕೆ ನೀರು ಹಾಕುವ ಡಬ್ಬ, ನನ್ನ ಮಳೆಗಾಲದ ಬೂಟು, ಎಲ್ಲಕ್ಕೂ ನೀರು ತುಂಬಿ ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ ಬೆರಳಾಡಿಸುತ್ತಿದ್ದ. ನಾನು ಜಿಲ್ಲೆಯ ಪ್ರಯೋಗಾಲಯದಲ್ಲಿ ಕೆರೆಗಳ ನೀರು ಪರೀಕ್ಷಿಸುವವಳು. ದಿನವಿಡೀ ನೀರು ನೋಡಿ ಮನೆಗೆ ಬಂದರೆ ಅಲ್ಲೂ ನೀರೇ. ಯಾವುದೂ ಸೋರುತ್ತಿರಲಿಲ್ಲ. ಅದು ಅವನಿಗೆ ಇನ್ನಷ್ಟು ಬೇಸರ ತರಿಸುತ್ತಿತ್ತು.

ಬೆಳಗಿನ ಹೊತ್ತು ಹೋಟೆಲಿಗೆ ಕಾಫಿಗೆ ಹೋಗುವುದನ್ನೂ ಬಿಟ್ಟ. ಕಿಟಕಿಯ ಪಕ್ಕದ ಮೇಜಿನಲ್ಲಿ ಅವನು, ಅವನ ಗೆಳೆಯ ಡ್ವೇನ್ ಕ್ವಾಮ್, ಮತ್ತಿಬ್ಬರು ಕೂರುತ್ತಿದ್ದರು. ಯಾಕೆ ಹೋಗುವುದಿಲ್ಲ ಎಂದು ಕೇಳಿದ್ದಕ್ಕೆ, ಆ ಮೇಜು ಕೆಲಸಕ್ಕೆ ಹೋಗುವವರದು, ಸುಮ್ಮನೆ ಜಾಗ ಹಿಡಿಯುವುದು ಸರಿಯಲ್ಲ ಎಂದ. ಡ್ವೇನನ ಕೆಲಸವೂ ಹೋಗಿತ್ತು, ಅವನೂ ಬಿಟ್ಟ. ಮತ್ತಿಬ್ಬರೂ ಬಿಟ್ಟರು. ಮೇಜು ಇಡೀ ಬೇಸಿಗೆ ಖಾಲಿ ಬಿದ್ದಿತ್ತು, ಬೇರೆಯವರು ಅದು ಅವರ ಮೇಜು ಎಂದು ಅಲ್ಲಿ ಕೂರಲಿಲ್ಲ.

ಕೆಲಸ ಹುಡುಕುವವರಿಗೆಂದು ಗ್ರಂಥಾಲಯದಲ್ಲಿ ತರಗತಿ ನಡೆಯಿತು. ನಾನೂ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ, ಅವನು ಅರ್ಧದಲ್ಲಿ ಎದ್ದು ಹೋಗದ ಹಾಗೆ. ಪಾಠ ಹೇಳಲು ರಾಜಧಾನಿಯಿಂದ ಬಂದ ಹುಡುಗಿ ಉತ್ಸಾಹಿ. ಒಬ್ಬೊಬ್ಬರೂ ಎದ್ದು ನಿಂತು ತಾವು ಚೆನ್ನಾಗಿ ಮಾಡುವ ಒಂದು ಕೆಲಸ ಹೇಳಬೇಕು ಎಂದಳು. ಬಹಳ ಹೊತ್ತಿನ ಮೇಲೆ ಡ್ವೇನ್ ಎದ್ದ. ರೋಲ್ಫ್ ಸೋರಿಕೆ ಹುಡುಕುವುದರಲ್ಲಿ ಗಟ್ಟಿಗ ಎಂದು ಹೇಳಿ ಕುಳಿತ. ರೋಲ್ಫ್ ಎದ್ದು, ಡ್ವೇನ್ ಹೊಡೆದ ರಿವೆಟ್ಟು ಸೋರುವುದೇ ಇಲ್ಲ, ಹಾಗಾಗಿ ತನಗೆ ಕೆಲಸ ಕಡಿಮೆ ಎಂದ. ಆಮೇಲೆ ಎಲ್ಲರಿಗೂ ಧೈರ್ಯ ಬಂತು. ಒಬ್ಬೊಬ್ಬರಾಗಿ ಎದ್ದು ಪಕ್ಕದವರನ್ನು ಹೊಗಳಿದರು. ತಮ್ಮ ವಿಷಯ ಒಬ್ಬರೂ ಎತ್ತಲಿಲ್ಲ. ಹುಡುಗಿ ಸುಸ್ತಾಗಿ ಕಾಫಿ ವಿರಾಮ ಕೊಟ್ಟಳು.

ಬೇಸಿಗೆ ಕಳೆಯುವ ಹೊತ್ತಿಗೆ ಒಂದು ದಾರಿ ತಾನಾಗಿ ತೆರೆಯಿತು. ಹಾಲಿಗಾಗಿ ಹಸು ಸಾಕುವ ರೈತನೊಬ್ಬ ನಮ್ಮ ಬೇಲಿಯ ಬಳಿ ನಿಂತು ಹವಾಮಾನದ ಬಗ್ಗೆ ತುಂಬ ಹೊತ್ತು ಮಾತಾಡಿ, ಹೊರಡುವಾಗ, ನಮ್ಮ ಕಡೆ ಯಾವಾಗಲಾದರೂ ಬರುವುದಿದ್ದರೆ, ವಿಶೇಷವಾಗಿ ಬರಬೇಕೆಂದೇನಿಲ್ಲ, ಹಾಲು ತಣಿಸುವ ತೊಟ್ಟಿ ಎಲ್ಲೋ ಸ್ವಲ್ಪ ಜಿನುಗುತ್ತಿರಬಹುದು ಎಂದ. ಅಂದರೆ ಕೊಟ್ಟಿಗೆಯಲ್ಲಿ ಹಾಲಿನ ಹೊಳೆ ಹರಿಯುತ್ತಿದೆ ಎಂದರ್ಥ. ರೋಲ್ಫ್ ಅಂದೇ ಹೋದ. ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬೆರಳಿಗೆ ಸಿಕ್ಕಿತು. ಒಬ್ಬ ರೈತನಿಂದ ಇನ್ನೊಬ್ಬನಿಗೆ ಸುದ್ದಿ ಹೋಯಿತು. ಶರತ್ಕಾಲ ಬರುವಷ್ಟರಲ್ಲಿ ಅವನು ಮನೆಯಲ್ಲಿ ಸಿಳ್ಳೆ ಹಾಕತೊಡಗಿದ್ದ. ಬಾಣಲೆಗಳು ಮತ್ತೆ ಅಡುಗೆಗೆ ಸಿಕ್ಕಿದವು.

ಅದೇ ಕಾಲಕ್ಕೆ ದೋಣಿ ಫ್ಯಾಕ್ಟರಿಯ ಹಳೆಯ ಕಟ್ಟಡಕ್ಕೆ ಹೊಸ ಕಂಪನಿ ಬಂತು. ಹಾಲಿನ ಡೈರಿಗಳಿಗೆ ಸ್ಟೀಲಿನ ತೊಟ್ಟಿ ಮಾಡುವ ಕಂಪನಿ. ಅದನ್ನು ನಡೆಸಲು ಬಂದವಳು ನ್ಯೂಜೆರ್ಸಿಯ ರೋಸಾನ್ ಫುಸ್ಕೊ. ತೊಟ್ಟಿಗಳನ್ನು ಪರೀಕ್ಷಿಸುವ ವಿಭಾಗಕ್ಕೆ ಒಬ್ಬ ಮುಖ್ಯಸ್ಥ ಬೇಕೆಂದು ಅವಳು ಹೇಳಿದ್ದು ಕಿವಿಗೆ ಬಿದ್ದಾಗ ನಾನು ರೋಲ್ಫನ ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕಿದೆ. ಅವನು ಬೇಡ ಎಂದ. ಎರಡನೆಯ ಸಲವೂ ಬೇಡ ಎಂದ. ಮೂರನೆಯ ಸಲ ಹಾಕಿಕೊಂಡು ಹೊರಟ.

ಮಧ್ಯಾಹ್ನ ಮರಳಿ ಬಂದು ಬೂಟು ಬಿಚ್ಚುತ್ತ ಕುಳಿತವನನ್ನು ಕೇಳಿದೆ.

"ಹೇಗಾಯ್ತು?"

"ಪರವಾಗಿಲ್ಲ."

ಅಷ್ಟು ಹೇಳಿದನೆಂದರೆ ಬಹಳ ಚೆನ್ನಾಗಿ ಆಗಿದೆ ಎಂದು ನನಗೆ ಗೊತ್ತಾಯಿತು.

"ಕೆಲಸ ಕೊಡ್ತೀನಿ ಅಂದ್ರಾ?"

"ಅಂದ್ರು. ನೀವೇ ಬಂದ್ಬಿಡಿ ಅಂದ್ರು. ಅಯ್ಯೋ ಬೇಡಿ, ನನಗಿಂತ ಒಳ್ಳೆಯೋರು ಸಿಗ್ತಾರೆ ನಿಮಗೆ, ಅಂದೆ."

"ಮೊದಲ್ನೇ ಸಲ ತಾನೆ?"

"ಹೂಂ. ಮೊದಲ್ನೇ ಸಲ."

"ಸರಿ ಮತ್ತೆ. ಇನ್ನೆರಡು ದಿನದಲ್ಲಿ ಫೋನ್ ಮಾಡ್ತಾರೆ ಬಿಡು," ಎಂದೆ.

ನಾವಿಬ್ಬರೂ ಆ ರಾತ್ರಿ ಪೈ ತಿಂದು ಸಂತೋಷಪಟ್ಟೆವು. ಇದು ದಡ್ಡತನ ಎಂದು ಈಗ ಯಾರಾದರೂ ಅಂದರೆ, ಅವರು ನಮ್ಮೂರಿನಲ್ಲಿ ಹುಟ್ಟಿದವರಲ್ಲ. ಕೊಟ್ಟ ಕೂಡಲೇ ಕೈಚಾಚುವವನು ದುರಾಸೆಯವನು. ಕೊಡುವವನು ನಿಜವಾಗಿ ಕೊಡುತ್ತಿದ್ದಾನೋ, ಬಾಯಿಮಾತಿಗೆ ಹೇಳುತ್ತಿದ್ದಾನೋ ಎಂದು ತಿಳಿಯಲು ಮೊದಲ ಬೇಡ. ಅವನು ಮನಸ್ಸು ಬದಲಿಸಲು ಅವಕಾಶ ಕೊಡಲು ಎರಡನೆಯ ಬೇಡ. ಅಷ್ಟಾದ ಮೇಲೂ ಅವನು ಮೂರನೆಯ ಸಲ ಕೇಳಿದರೆ, ನಿಮಗೆ ತೊಂದರೆಯಾಗದಿದ್ದರೆ ಸರಿ ಎನ್ನಬೇಕು. ನಾನೂ ಮದುವೆಗೆ ಒಪ್ಪಿದ್ದು ಈ ಪ್ರಕಾರವೇ.

ಫೋನ್ ಬರಲಿಲ್ಲ. ಒಂದು ವಾರ ಕಳೆಯಿತು. ರೋಲ್ಫ್ ಮನೆ ಬಿಟ್ಟು ಕದಲುತ್ತಿರಲಿಲ್ಲ. ಮತ್ತೆ ಕೇಳುವಷ್ಟು ನಾನು ಅವರಿಗೆ ಇಷ್ಟವಾಗಲಿಲ್ಲ ಎಂದು ತನಗೆ ತಾನೇ ತೀರ್ಮಾನಿಸಿಕೊಂಡ. ಮೊದಲ ಸಲ ಕೇಳಿದ್ದೂ ಸೌಜನ್ಯಕ್ಕೆ ಇರಬೇಕು ಎಂದ. ಸಿಳ್ಳೆ ನಿಂತಿತು. ಶನಿವಾರ ಬೆಳಿಗ್ಗೆ ನಾನು ಅಡುಗೆಮನೆಗೆ ಹೋದಾಗ ದೊಡ್ಡ ಬಾಣಲೆಯಲ್ಲಿ ನೀರು ತುಂಬಿತ್ತು. ಅದರ ಬುಡದಲ್ಲಿ ಅವನ ಬೆರಳು ನಿಧಾನವಾಗಿ ತಿರುಗುತ್ತಿತ್ತು. ಬೇಸಿಗೆಯ ಕೊನೆಯಿಂದ ಕಷ್ಟಪಟ್ಟು ತುಂಬಿಕೊಂಡ ಧೈರ್ಯವೆಲ್ಲ ಎಲ್ಲಿಂದಲೋ ಸೋರಿಹೋಗುತ್ತಿತ್ತು. ಆ ತೂತು ಯಾವುದೆಂದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಚರ್ಚಿನ ನೆಲಮಾಳಿಗೆಯಲ್ಲಿ ವರ್ಷದ ಮಾಂಸದುಂಡೆ ಊಟ. ಊರಿಗೆ ಊರೇ ಬರುತ್ತದೆ. ಕಾಫಿ ಬಡಿಸುವುದು ರೋಲ್ಫನ ಪಾಲು, ಒಲ್ಲೆ ಎನ್ನುವಂತಿಲ್ಲ. ರೋಲ್ಫನ ಸೋದರತ್ತೆ ಬೋರ್ಗಿಲ್ಡ್ ಅಡುಗೆಮನೆಯ ಒಡತಿ. ಅವಳು ನೋಡಲು ಗುಬ್ಬಿಯಷ್ಟು, ಅವಳ ಸೌಟಿಗೆ ಪಾದ್ರಿಯೂ ಹೆದರುತ್ತಾನೆ. ಆ ದಿನ ರೋಸಾನ್ ಫುಸ್ಕೊ ಕೂಡ ಬಂದು ನೇರವಾಗಿ ನಮ್ಮ ಮೇಜಿಗೇ ಕುಳಿತಳು. ನಾನು ಯಾರ ಹೆಂಡತಿ ಎಂದು ಅವಳಿಗೆ ಗೊತ್ತಿರಲಿಲ್ಲ. ಮೇಜಿನ ಆ ತುದಿಯಲ್ಲಿ ಡ್ವೇನ್ ಇದ್ದ.

ಬೋರ್ಗಿಲ್ಡ್ ಅತ್ತೆ ಸೌಟು ಹಿಡಿದು ಬಂದಳು. "ಇನ್ನೆರಡು ಉಂಡೆ ಹಾಕ್ಲೇನಮ್ಮ?"

"ನಾಲ್ಕು ಹಾಕಿ. ತುಂಬಾ ಚೆನ್ನಾಗಿದೆ," ಎಂದಳು ರೋಸಾನ್.

ಅತ್ತೆಯ ಸೌಟು ಗಾಳಿಯಲ್ಲಿ ನಿಂತಿತು. ಎಂಬತ್ತು ದಾಟಿದ ಆಕೆ ಮೊದಲ ಸಲಕ್ಕೇ ಹೂಂ ಎಂದವರನ್ನು ಬಹುಶಃ ಅಂದೇ ಮೊದಲು ನೋಡಿದ್ದು. ಆದರೂ ನಾಲ್ಕು ಹಾಕಿದಳು. ಮುಂದೆ ಆಲೂಗಡ್ಡೆ ತಂದಳು. ರೋಸಾನ್ ಬೇಡ ಎಂದಳು. ಅತ್ತೆಯ ಮುಖ ಅರಳಿತು, ಇದು ತಿಳಿದ ದಾರಿ. ಸ್ವಲ್ಪವೇ ಎಂದಳು. ರೋಸಾನ್ ಮತ್ತೆ ಬೇಡ ಎಂದಳು. ಅತ್ತೆ ನಕ್ಕು ಮೂರನೆಯ ಸಲ ಸೌಟು ಬಾಗಿಸಿದಳು.

"ಬೇಡ ಅಂದೆನಲ್ಲಮ್ಮ. ನನಗೆ ಆಲೂಗಡ್ಡೆ ಇಷ್ಟ ಇಲ್ಲ."

ಮೇಜಿನ ಸುತ್ತ ಚಮಚಗಳು ನಿಂತವು. ಆಲೂಗಡ್ಡೆ ಇಷ್ಟವಿಲ್ಲದವರು ನಮ್ಮಲ್ಲೂ ಇದ್ದಾರು, ಬಾಯಿಬಿಟ್ಟು ಹೇಳಿದವರಿಲ್ಲ.

ನನಗೆ ಹೊಳೆದದ್ದು ಆ ಕ್ಷಣದಲ್ಲಿ. ಪ್ರಯೋಗಾಲಯದಲ್ಲಿ ಎರಡು ಉಪಕರಣಗಳು ಒಂದೇ ನೀರಿಗೆ ಬೇರೆ ಬೇರೆ ಅಂಕಿ ತೋರಿಸಿದರೆ ನಾವು ನೀರನ್ನು ದೂರುವುದಿಲ್ಲ. ಮೊದಲು ಅಳತೆಯ ಮಾನ ಒಂದೇ ಇದೆಯೇ ಎಂದು ನೋಡುತ್ತೇವೆ. ಈ ಹೆಂಗಸಿನ ಒಂದು ಬೇಡ ನಮ್ಮ ಮೂರು ಬೇಡಕ್ಕೆ ಸಮ. ರೋಲ್ಫ್ ಬಾಗಿಲನ್ನು ಸ್ವಲ್ಪ ಓರೆ ಮಾಡಿ ಬಂದೆ ಎಂದುಕೊಂಡಿದ್ದ. ಅವಳ ಲೆಕ್ಕದಲ್ಲಿ ಅವನು ಬಾಗಿಲು ಹಾಕಿ, ಅಗುಳಿ ಜಡಿದು, ಬೀಗದಕೈಯನ್ನು ಕೆರೆಗೆ ಎಸೆದಿದ್ದ.

ಹೊಸ ಕೆಲಸ ಹೇಗಿದೆ ಎಂದು ಮೆಲ್ಲಗೆ ಕೇಳಿದೆ. ರೋಸಾನ್ ಉಂಡೆ ಅಗಿಯುತ್ತಲೇ ಗೋಳು ತೋಡಿಕೊಂಡಳು. ಪರೀಕ್ಷೆ ವಿಭಾಗಕ್ಕೆ ಊರಿನ ನಾಲ್ಕು ಜನರನ್ನು ಕರೆದಳಂತೆ. ಮೊದಲನೆಯವನು ಅವಳಿಗೆ ತುಂಬಾ ಹಿಡಿಸಿದ್ದ. ತೊಟ್ಟಿಯ ಸುತ್ತ ಕೈಯಾಡಿಸುತ್ತ ಬಂದವನು ಅವಳು ಬೇಕೆಂದೇ ಬಿಟ್ಟಿದ್ದ ತೂತಿನ ಮೇಲೆ ಬೆರಳಿಟ್ಟು ಸುಮ್ಮನೆ ನಿಂತನಂತೆ, ಹೇಳುವುದಕ್ಕೂ ಸಂಕೋಚವಂತೆ. ಅವನು ಒಲ್ಲೆ ಎಂದ. ಎರಡನೆಯವನು, ಎಂದು ಮೇಜಿನ ತುದಿಯ ಡ್ವೇನ್ ಕಡೆ ಕಣ್ಣು ತೋರಿಸಿದಳು, ಅವನೂ ಒಲ್ಲೆ ಎಂದ. ನಾಲ್ವರೂ ಒಲ್ಲೆ ಎಂದರು.

"ಈ ಊರಲ್ಲಿ ಯಾರಿಗೂ ಕೆಲಸ ಬೇಡ. ಬೇಡ ಅಂದ್ಮೇಲೆ ಬಲವಂತ ಮಾಡೋಕಾಗುತ್ತಾ? ನಾಳೆ ಬೆಳಿಗ್ಗೆ ಕಂಪನಿಯವರು ಹೊರಗಿಂದ ಒಬ್ಬನ್ನ ಕಳಿಸ್ತಾರೆ."

ನಾನೇ ಹೇಳಿಬಿಡಬಹುದಿತ್ತು. ಆದರೆ ಊರ ಮುಂದೆ ಗಂಡನನ್ನು ಹೊಗಳುವುದು ಮೊದಲ ಸಲಕ್ಕೇ ನಾಲ್ಕು ಉಂಡೆ ಹಾಕಿಸಿಕೊಂಡದ್ದಕ್ಕಿಂತ ಕೆಟ್ಟದ್ದು. ಅಲ್ಲದೆ, ಹೇಳಬೇಕಾದವನು ಅವನು. ಎದ್ದು ಅಡುಗೆಮನೆಗೆ ಹೋಗಿ ಕಾಫಿ ಪಾತ್ರೆಯ ಬಳಿ ಅವನ ತೋಳು ಹಿಡಿದೆ.

"ಅವರು ಮತ್ತೆ ಕೇಳಲ್ಲ ರೋಲ್ಫ್. ಅವರ ಕಡೆ ಒಂದ್ಸಲ ಬೇಡ ಅಂದ್ರೆ ಬೇಡ ಅಂತಾನೇ ಅರ್ಥ."

ನೀರು ಇನ್ನು ಮೇಲೆ ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ ಎಂದು ನಾನು ಹೇಳಿದಂತೆ ಅವನು ನೋಡಿದ.

"ಮತ್ತೆ ಅವರೂರಲ್ಲಿ ಜನ ಊಟ ಹೇಗೆ ಮಾಡ್ತಾರೆ?"

"ಹಸಿವಾದ್ರೆ ಹೂಂ ಅಂತಾರೆ."

ಡ್ವೇನನನ್ನೂ ಕೇಳಿದರಂತೆ, ಅವನೂ ಒಲ್ಲೆ ಎಂದನಂತೆ ಎಂದು ನಾನು ಹೇಳಿದೆ. ಆಗ ಅವನ ಮುಖ ಇಳಿಯಿತು. ಹಾಗಿದ್ದರೆ ಡ್ವೇನನ ಸರದಿ ಮುಗಿಯುವ ತನಕ ತಾನು ಬಾಯಿ ಹಾಕುವುದು ತಪ್ಪು ಎಂದ. ಅವನ ಸರದಿಯೂ ಇಲ್ಲ, ನಿನ್ನ ಸರದಿಯೂ ಇಲ್ಲ, ನಾಳೆ ಬೆಳಿಗ್ಗೆ ಹೊರಗಿನವರು ಬರುತ್ತಾರೆ ಎಂದೆ. ಅವನು ಕಾಫಿ ಪಾತ್ರೆ ಎತ್ತಿಕೊಂಡು ಹೊರಟ. ಆದರೆ ಕೋಣೆಯ ಇನ್ನೊಂದು ತುದಿಯ ಮೇಜುಗಳ ಕಡೆಗೆ.

ನಾನು ಮರಳಿ ಬಂದಾಗ ನಮ್ಮ ಮೇಜಿನಲ್ಲಿ ರೂಬಾರ್ಬ್ ಬಾರ್ ಎಂಬ ಹುಳಿಸಿಹಿ ತಿನಿಸಿನ ತಟ್ಟೆ ತಿರುಗಿ ಒಂದೇ ತುಂಡು ಉಳಿದಿತ್ತು. ಕೊನೆಯ ತುಂಡನ್ನು ಪೂರ್ತಿ ತೆಗೆದುಕೊಳ್ಳುವವರು ನಮ್ಮಲ್ಲಿ ಇಲ್ಲ. ಯಾರೋ ಬಂದು ಅದರಲ್ಲಿ ಅರ್ಧ ಕತ್ತರಿಸಿಕೊಂಡು ಹೋದರು. ಇನ್ನೊಬ್ಬರು ಉಳಿದದ್ದರ ಅರ್ಧ. ರೋಸಾನ್ ಇದನ್ನು ಕುತೂಹಲದಿಂದ ನೋಡುತ್ತಿದ್ದಳು.

"ಇದು ಹೀಗೇ ಎಲ್ಲಿ ತನಕ?"

ಗಣಿತದ ಪ್ರಕಾರ ಕೊನೆಯಿಲ್ಲ ಎಂದೆ. ಪಾತ್ರೆ ತೊಳೆಯೋ ತನಕ ಎಂದಳು ಬೋರ್ಗಿಲ್ಡ್ ಅತ್ತೆ.

ಅಷ್ಟರಲ್ಲಿ ರೋಲ್ಫ್ ಎಲ್ಲ ಮೇಜುಗಳನ್ನೂ ಮುಗಿಸಿ ಬೇರೆ ದಾರಿಯಿಲ್ಲದೆ ನಮ್ಮ ಮೇಜಿಗೆ ಬಂದ. ರೋಸಾನಳ ಲೋಟಕ್ಕೆ ಕಾಫಿ ಬಗ್ಗಿಸಿದ. ಲೋಟ ತುಂಬಿತು. ಅವನು ಹೋಗಲಿಲ್ಲ.

"ಆ ಕೆಲಸ... ಇನ್ನೂ ಇದೆಯಾ?"

ಅವಳು ತಲೆಯೆತ್ತಿದಳು. "ನೀವು ಬೇಡ ಅಂದ್ರಲ್ಲ?"

"ಅದು ಮೊದಲ್ನೇದು."

"ಏನು ಮೊದಲ್ನೇದು?"

"ಬೇಡ ಅನ್ನೋದು."

ರೋಸಾನ್ ಅವನನ್ನು, ನನ್ನನ್ನು, ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿದಳು. "ಒಟ್ಟು ಎಷ್ಟಿರ್ತವೆ?"

"ಮೂರು," ಎಂದಳು ಬೋರ್ಗಿಲ್ಡ್ ಅತ್ತೆ. "ಕಾಫಿಗೆ ಎರಡು ಸಾಕು."

ರೋಸಾನ್ ಮೇಜಿನ ತುದಿಗೆ ತಿರುಗಿದಳು. "ನೀವೂ ಹಾಗೇನಾ?"

ಡ್ವೇನ್ ತಟ್ಟೆಯನ್ನೇ ನೋಡುತ್ತ, "ಹಂಗೇನಿಲ್ಲ," ಎಂದ. ಹೌದು ಎಂಬುದು ಆ ಹೊತ್ತಿಗೆ ಅವಳಿಗೂ ಅರ್ಥವಾಯಿತು. ಹಣೆಗೆ ಕೈಹಚ್ಚಿ ನಕ್ಕಳು. ನಕ್ಕು ಮುಗಿದ ಮೇಲೆ ಗಂಭೀರವಾದಳು.

"ನೋಡಿ, ಇಲ್ಲಿ ಯಾರೂ ಸಿಗಲಿಲ್ಲ ಅಂತ ನಾನು ಮೇಲಿನವರಿಗೆ ಹೇಳಿಯಾಗಿದೆ. ಈಗ ಅದನ್ನ ವಾಪಸ್ ತಗೋಬೇಕು. ಇವನೇ ಯಾಕೆ ಅಂತ ಕೇಳ್ತಾರೆ. ಏನು ಹೇಳ್ಲಿ? ಒಂದೇ ಸಲ ಕೇಳ್ತೀನಿ. ಈ ಕೆಲಸ ನಿಮಗೆ ಹೇಗೆ ಬರುತ್ತೆ?"

'ಪರವಾಗಿಲ್ಲ' ಎಂಬ ಮಾತು ಅವನ ಗಂಟಲಿನಿಂದ ಏರಿ ತುಟಿಯ ಹತ್ತಿರ ಬರುವುದು ನನಗೆ ಕಾಣುತ್ತಿತ್ತು. ಪ್ರಯೋಗಾಲಯದಲ್ಲಿ ಗಾಜಿನ ಕೊಳವೆಯ ತುದಿಯಲ್ಲಿ ಹನಿಯೊಂದು ತೂಗುವಾಗ ನಾನು ಹೀಗೇ ಉಸಿರು ಹಿಡಿಯುತ್ತೇನೆ. ಒಂದು ಹನಿ ಹೆಚ್ಚು ಬಿದ್ದರೂ ಕೆಳಗಿನ ನೀರಿನ ಬಣ್ಣ ಕೆಟ್ಟು ಪರೀಕ್ಷೆ ಹಾಳಾಗುತ್ತದೆ. ಆಗ ಡ್ವೇನ್ ಕುರ್ಚಿ ಸರಿಸಿ ಏಳಹೊರಟ. ಗ್ರಂಥಾಲಯದಲ್ಲಿ ಮಾಡಿದಂತೆ ಗೆಳೆಯನ ಪರವಾಗಿ ತಾನೇ ಹೇಳಲು ಬಾಯಿ ತೆರೆದ. ರೋಲ್ಫ್ ಕಾಫಿ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಬೇಡ ಎಂಬಂತೆ ಅವನತ್ತ ಕೈಯೆತ್ತಿದ.

"ಚೆನ್ನಾಗಿ ಬರುತ್ತೆ," ಎಂದ. "ನನ್ನ ಬೆರಳು ತಪ್ಪಿಸ್ಕೊಂಡು ಒಂದು ಹನಿನೂ ಆಚೆ ಹೋಗಿಲ್ಲ. ಆ ಕೆಲಸ ನನಗೆ ಬೇಕು."

ಯಾರದೋ ಚಮಚ ನೆಲಕ್ಕೆ ಬಿತ್ತು. ಪಾದ್ರಿ ಚಾವಣಿಯ ಕಡೆ ನೋಡಿದ. ರೋಲ್ಫನ ಕಿವಿಗಳು ಬೀಟ್‌ರೂಟಿನಂತೆ ಕೆಂಪಾಗಿದ್ದವು. ಹಿಮ ಬಾಚಲು ಹೊರಗೆ ಓಡೋಣವೆಂದರೆ ಇನ್ನೂ ಹಿಮ ಬಿದ್ದಿರಲಿಲ್ಲ.

"ನೀವು ಹೇಳಿದ ಹಾಗೇ ಅವರಿಗೆ ಹೇಳ್ತೀನಿ," ಎಂದಳು ರೋಸಾನ್. "ನಾಳೆ ಬನ್ನಿ."

ಬರುತ್ತೇನೆ ಎಂದ, ಒಂದೇ ಸಲಕ್ಕೆ. ಆಮೇಲೆ ಡ್ವೇನ್ ಕಡೆ ತಿರುಗಿದ. ಅವರಿಬ್ಬರ ನಡುವೆ ಏನು ಹಾದುಹೋಯಿತೋ ನಾನು ಹೇಳಲಾರೆ. ಡ್ವೇನ್ ಮೇಜಿನ ಮೇಲಿದ್ದ ತಟ್ಟೆಯನ್ನು ನಿಧಾನವಾಗಿ ಅವನ ಕಡೆ ನೂಕಿದ. ಅದರಲ್ಲಿ ಬಾರ್‌ನ ಕೊನೆಯ ಚೂರು ಹೆಬ್ಬೆರಳಿನ ಉಗುರಿನಷ್ಟು ಉಳಿದಿತ್ತು.

"ತಗೋ."

"ನೀನು ತಗೋ."

"ನಂಗೆ ಬೇಡ."

ರೋಲ್ಫ್ ಎರಡನೆಯ ಸಲ ಕೇಳಿದ. ಡ್ವೇನ್ ಬೇಡ ಎಂದ. ರೋಲ್ಫ್ ಮೂರನೆಯ ಸಲ, ಈ ಸಲ ಬಹಳ ಮೆತ್ತಗೆ, ಕೇಳಿದ.

"ಬೇಡ ಕಣೋ. ತಿನ್ನು," ಎಂದ ಡ್ವೇನ್.

ರೋಲ್ಫ್ ಆ ಚೂರನ್ನು ಬಾಯಿಗೆ ಹಾಕಿಕೊಂಡ. ಖಾಲಿ ತಟ್ಟೆಯ ತಳವನ್ನು ನಮ್ಮ ಸಭೆ ಅಂಥ ಊಟದಲ್ಲಿ ಕಂಡದ್ದು ಅದೇ ಮೊದಲು. ಬೋರ್ಗಿಲ್ಡ್ ಅತ್ತೆ ಬಂದು ಅದನ್ನು ಬೇಗ ಎತ್ತಿಕೊಂಡು ಹೋದಳು, ಮಕ್ಕಳ ಕಣ್ಣಿಗೆ ಬೀಳಬಾರದೆಂಬಂತೆ. ಮನೆಗೆ ಬರುವಾಗ ಕಾರಿನಲ್ಲಿ, ಡ್ವೇನನ ಆ ಮೂರನೆಯ ಬೇಡ ನಿಜದ್ದೋ ಅಲ್ಲವೋ ಎಂದು ರೋಲ್ಫ್ ಎರಡು ಸಲ ನನ್ನನ್ನು ಕೇಳಿದ. ನನ್ನ ಬಳಿ ಅದನ್ನು ಅಳೆಯುವ ಉಪಕರಣ ಇರಲಿಲ್ಲ.

ಕ್ರಿಸ್‌ಮಸ್ ಕಳೆದ ಮೇಲೆ ಬೆಸುಗೆ ವಿಭಾಗಕ್ಕೆ ಜನ ಬೇಕಾದಾಗ ರೋಲ್ಫ್ ರೋಸಾನಳಿಗೆ ಒಂದೇ ಮಾತು ಹೇಳಿದನಂತೆ: ಡ್ವೇನನನ್ನು ಕೇಳಿ, ಕೇಳುವುದನ್ನು ಅರ್ಧಕ್ಕೆ ಬಿಡಬೇಡಿ. ಅವಳು ಮೊಣಕಾಲುದ್ದ ಹಿಮದಲ್ಲಿ ಅವನ ಬಾಗಿಲಿಗೆ ಹೋಗಿ, ಬರ್ತೀರಾ, ಬರ್ತೀರಾ, ಬರ್ತೀರಾ ಎಂದು ಒಂದೇ ಉಸಿರಿಗೆ ಮೂರು ಸಲ ಕೇಳಿದಳು. ಡ್ವೇನ್ ಎರಡನೆಯದಕ್ಕೇ ಹೂಂ ಎಂದುಬಿಟ್ಟ. ಬಾಗಿಲು ತೆರೆದಿತ್ತು, ಮನೆಯೊಳಗೆ ಚಳಿ ನುಗ್ಗುತ್ತಿತ್ತು, ಇಲ್ಲದಿದ್ದರೆ ತಾನು ಅಂಥವನಲ್ಲ ಎಂದು ಕಿಟಕಿ ಪಕ್ಕದ ಮೇಜಿನಲ್ಲಿ ಇಂದಿಗೂ ಸಮರ್ಥಿಸಿಕೊಳ್ಳುತ್ತಾನೆ.

ನೀನು ಮಾಡುವ ಕೆಲಸ ಏನು ಎಂದು ಯಾರಾದರೂ ಕೇಳಿದರೆ ರೋಲ್ಫ್ ಈಗ, "ತೊಟ್ಟಿ ಎಲ್ಲಿ ಸೋರುತ್ತೆ ಅಂತ ಹುಡುಕ್ತೀನಿ," ಎನ್ನುತ್ತಾನೆ. ಸ್ವಲ್ಪ ತಡೆದು, "ಚೆನ್ನಾಗಿ ಹುಡುಕ್ತೀನಿ," ಎಂದು ಸೇರಿಸುತ್ತಾನೆ. ಅಷ್ಟು ಹೇಳಿದ ಮೇಲೆ ಕೂರಲಾಗದೆ ಎದ್ದು ಹಿಮ ಬಾಚಲು ಹೋಗುತ್ತಾನೆ. ಈ ಚಳಿಗಾಲದಲ್ಲಿ ನಮ್ಮ ಅಂಗಳ ಸಾಲದೆ ಪಕ್ಕದ ಮನೆಯದನ್ನೂ ಬಾಚಿ ಬರುತ್ತಿದ್ದಾನೆ.